ಥರ್ಮೋಸ್ಟಾಟಿಗೆ ಮುಡಿಸಿದ ಸೇವಂತಿಗೆ

ನಮ್ಮ ಮನೆಯಲ್ಲಿ ಈ ಕಥೆಯನ್ನು ಯಾರೇ ಹೇಳಲಿ, ‘ಮಿಷನ್ನಿಗೆ ತಲೆ ಕೆಟ್ಟಿತ್ತು’ ಎಂದೇ ಶುರು ಮಾಡುತ್ತಾರೆ. ಆಮೇಲೆ ಅತ್ತಿಗೆ ಬರುತ್ತಾಳೆ, ಕಿಟಕಿ ತೆಗೆಯುತ್ತಾಳೆ, ರೇಷ್ಮೆ ಹುಳುಗಳು ಬದುಕುತ್ತವೆ, ಕೇಳಿದವರು ‘ಕೈಗುಣ ಅಂದ್ರೆ ಇದು’ ಎನ್ನುತ್ತಾರೆ, ಅಷ್ಟರಲ್ಲಿ ಕಾಫಿ ಬರುತ್ತದೆ. ಈ ಕಥೆಯಲ್ಲಿ ಸುಳ್ಳು ಇರುವುದು ಮೊದಲನೇ ವಾಕ್ಯದಲ್ಲೇ. ಮಿಷನ್ನಿಗೆ ತಲೆ ಕೆಟ್ಟಿರಲಿಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗೆ ತಯಾರು ಮಾಡುವಾಗ ನಮ್ಮ ಮೇಷ್ಟ್ರು ಹೇಳಿಕೊಟ್ಟಿದ್ದರು: ಎದುರಾಳಿಯ ವಾದ ಗಟ್ಟಿಯಾಗಿ ಕಂಡರೆ ಅದರ ಮೊದಲ ವಾಕ್ಯಕ್ಕೆ ಹಿಂತಿರುಗು, ಅದನ್ನು ಪುರಾವೆ ಕೇಳದೆ ಒಪ್ಪಿಬಿಟ್ಟಿರುತ್ತೀಯ. ನಾನು ಇಷ್ಟು ವರ್ಷಗಳಿಂದ ಆ ಮೊದಲ ವಾಕ್ಯವನ್ನೇ ಹಿಡಿದುಕೊಂಡು ಕೂತಿದ್ದೇನೆ. ಹೊಟ್ಟೆಕಿಚ್ಚು ಅನ್ನುವವರು ಅನ್ನಲಿ. ಇದೆ, ಇಲ್ಲ ಅಂದವರು ಯಾರು? ಆದರೆ ಹೊಟ್ಟೆಕಿಚ್ಚಿನವಳು ಆಡಿದ ಮಾತ್ರಕ್ಕೆ ಮಾತು ತಪ್ಪಾಗುವುದಿಲ್ಲ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಸಾಸ್ವೆಹಳ್ಳಿ ಕಡೆಯ ನಮ್ಮ ಹೊಲದ ಒಂದು ತುಂಡಿಗೆ ಅಪ್ಪ ಹಿಪ್ಪುನೇರಳೆ ಹಾಕಿ, ಹಿತ್ತಲಲ್ಲಿ ಹೆಂಚಿನ ಹುಳದ ಮನೆ ಕಟ್ಟಿಸಿದ್ದ. ಮೊದಮೊದಲ ಬೆಳೆಗಳೆಲ್ಲ ನನ್ನವೇ. ಕಾಲೇಜಿಗೆ ಹೋಗುವ ಮುಂಚೆ ಎಳೆ ಸೊಪ್ಪು ಹೆಚ್ಚಿ ಹಾಕಿ, ಬಂದ ಮೇಲೆ ಮತ್ತೆ ಹಾಕಿ, ಆ ಮನೆಯ ಕೀಲಿಯನ್ನು ದಾವಣಿಯ ತುದಿಗೆ ಗಂಟು ಹಾಕಿಕೊಂಡು ಓಡಾಡುತ್ತಿದ್ದೆ. ಊರಿನ ಹುಡುಗಿಯರು ಸರ ತೋರಿಸಿಕೊಂಡು ಓಡಾಡುವಂತೆ ನಾನು ಆ ಕೀಲಿಯನ್ನು ತೋರಿಸಿಕೊಂಡು ಓಡಾಡುತ್ತಿದ್ದೆ.

ಆಮೇಲೆ ಅಣ್ಣನ ಮದುವೆಯಾಯಿತು. ಅತ್ತಿಗೆ ಜಗಳೂರು ಕಡೆಯವಳು. ನನಗಿಂತ ಎರಡೇ ವರ್ಷ ದೊಡ್ಡವಳು, ನಾನು ಓದಿದಷ್ಟೇ ಓದಿದವಳು, ತವರಿನಲ್ಲಿ ನಮಗಿಂತ ಮೊದಲೇ ಹುಳು ಸಾಕಿದವಳು. ಬಂದ ವಾರದಲ್ಲೇ ನನ್ನನ್ನು ಹುಳದ ಮನೆಯ ಬಾಗಿಲಲ್ಲಿ ತಡೆದಳು. ನಾನು ಕಾಲೇಜಿನಿಂದ ನೇರವಾಗಿ ಬಂದಿದ್ದೆ.

“ಮುಖ ತೊಳ್ಕೊಂಡು ಬಾ ತಂಗೀ. ಪೌಡರ್ ವಾಸ್ನೆಗೆ ಹುಳ ಸೊಪ್ಪು ಬಿಡ್ತಾವೆ.”

ನಾನು ನಡೆಸಿಕೊಂಡು ಬಂದ ಮನೆಯ ಬಾಗಿಲಲ್ಲಿ ನನಗೇ ಈ ಮಾತು. ಅದು ನಿಜವೂ ಆಗಿತ್ತು, ಅದೇ ಇನ್ನೂ ಉರಿಯುವ ವಿಷಯ. ಸೋಪು, ನಶ್ಯ, ಈರುಳ್ಳಿ ಕೈ ಯಾವುದೂ ಒಳಗೆ ಹೋಗಬಾರದೆಂದು ನಾನೇ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಅವ್ವ ಅಡುಗೆಮನೆಯಿಂದಲೇ ನಕ್ಕಳು.

ಆ ವರ್ಷ ಚಳಿ ಬೆಳೆ ಬಂದಾಗ ಕೀಲಿ ಒಂದು ದಿನ ನನ್ನ ಹತ್ತಿರ, ಒಂದು ದಿನ ಅವಳ ಹತ್ತಿರ. ಅಪ್ಪನಿಗೆ ಅದು ಸರಿಬರಲಿಲ್ಲ. ಊಟಕ್ಕೆ ಕೂತಾಗ ತಟ್ಟೆ ನೋಡಿಕೊಂಡೇ ತೀರ್ಪು ಕೊಟ್ಟ.

“ಹುಳದ ಮನಿಗೆ ಎಲ್ಡು ಕೈ ಆಗಬಾರ್ದು. ಈ ಬೆಳೆ ಯಾರ ಕೈಯಾಗೆ ಚೆಂದ ಬರ್ತೈತೋ, ಕೀಲಿ ಅವರದು. ಆಮ್ಯಾಕೆ ಜಗಳ ತರಬ್ಯಾಡ್ರಿ.”

ಚಳಿಗಾಲದಲ್ಲಿ ಎಳೆ ಹುಳುಗಳಿಗೆ ಬೇಕಾದದ್ದು ಹೊತ್ತಿಗೆ ತಕ್ಕ ಹದವಾದ ಬಿಸಿ. ಇದ್ದಿಲ ಕುಂಪಟಿ ಇಟ್ಟರೆ ಒಮ್ಮೆ ಧಗೆ, ಒಮ್ಮೆ ತಣ್ಣಗೆ, ಜೊತೆಗೆ ಹೊಗೆ. ಅದಕ್ಕೆ ಅಣ್ಣ ನ್ಯಾಮತಿಯ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಕಬ್ಬಿಣದ ಒಲೆ ಮಾಡಿಸಿ ತಂದ. ಮೇಲೆ ತಗಡಿನ ಡಬ್ಬ, ಕೆಳಗೆ ಬೆಂಕಿ ಗೂಡು, ಹೊಗೆ ಗೋಡೆಯಾಚೆ ಹೋಗಲು ಕೊಳವೆ, ಗಾಳಿ ಊದಲು ಸಣ್ಣ ಕರೆಂಟ್ ಫ್ಯಾನು. ಅದರ ಉರುವಲು ನಮ್ಮದೇ ಆವಿಷ್ಕಾರ: ಮಿಲ್ಲಿನ ಭತ್ತದ ಹೊಟ್ಟು, ಸಗಣಿ, ಗಂಜಿ ಕಲಸಿ, ಅವ್ವನ ಹಳೆಯ ಚಕ್ಕುಲಿ ಒರಳಿನಲ್ಲಿ ಒತ್ತಿ, ಬೆರಳ ಗಾತ್ರದ ತುಂಡು ಮುರಿದು ಒಣಗಿಸುವುದು. ಡಬ್ಬದಿಂದ ತುಂಡುಗಳು ತಾವೇ ಜಾರಿ ಬೀಳುತ್ತಿದ್ದವು. ಫ್ಯಾನು ತಿರುಗಿದರೆ ಬೆಂಕಿ ಏಳುತ್ತಿತ್ತು, ನಿಂತರೆ ಕೆಂಡವಾಗಿ ಮಲಗುತ್ತಿತ್ತು. ಆ ವರ್ಷ ಹಬ್ಬಕ್ಕೆ ಚಕ್ಕುಲಿ ಮಾಡಲು ಅವ್ವ ಒಪ್ಪಲಿಲ್ಲ.

ಫ್ಯಾನನ್ನು ಯಾವಾಗ ಹಾಕಬೇಕು, ಯಾವಾಗ ಆರಿಸಬೇಕು ಎನ್ನುವುದಕ್ಕೆ ಥರ್ಮೋಸ್ಟಾಟ್ ಬೇಕು ಎಂದವಳು ನಾನು. ಯಾರೂ ಅದನ್ನು ಈಗ ನೆನಪಿಸಿಕೊಳ್ಳುವುದಿಲ್ಲ, ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಅಣ್ಣ, ಅತ್ತಿಗೆ, ನಾನು ಮೂವರೂ ಚನ್ನಗಿರಿಗೆ ಹೋದೆವು. ಅಡಿಕೆ ಮಂಡಿಗಳ ಸಾಲಿನಾಚೆ ಪಂಪ್‌ಸೆಟ್ಟಿನ ಸಾಮಾನು ಮಾರುವ ಅಂಗಡಿ. ಕೋಳಿಮರಿ ಮಾಡುವ ಪೆಟ್ಟಿಗೆಗಳಿಗೆಂದು ತರಿಸಿದ್ದ ಎರಡು ಬಗೆ ಅಲ್ಲಿದ್ದವು. ಒಂದಕ್ಕೆ ಬರೀ ತಿರುಪು: ಬೇಕಾದ ಡಿಗ್ರಿಗೆ ತಿರುಗಿಸಿ ಬಿಡುವುದು. ಇನ್ನೊಂದಕ್ಕೆ ಗಡಿಯಾರವಿತ್ತು. ಅದರ ಸುತ್ತ ಚಿಕ್ಕ ಚಿಕ್ಕ ಮೊಳೆಗಳು, ಎರಡು ಮುಳ್ಳು. ಮೊಳೆ ಎಳೆದಿಟ್ಟ ಹೊತ್ತಿನಲ್ಲಿ ಕೆಂಪು ಮುಳ್ಳಿನಷ್ಟು ಬಿಸಿ, ಒತ್ತಿಟ್ಟ ಹೊತ್ತಿನಲ್ಲಿ ನೀಲಿ ಮುಳ್ಳಿನಷ್ಟು. ಹಗಲು ಒಂದು, ರಾತ್ರಿ ಒಂದು, ಹುಳು ಜ್ವರಕ್ಕೆ ಕೂತಾಗ, ಅಂದರೆ ಮೇವು ಬಿಟ್ಟು ಪೊರೆ ಕಳಚುವಾಗ, ಇನ್ನೊಂದು. ಅದನ್ನು ಕಂಡದ್ದೇ ನಾನು ಮನಸ್ಸು ಮಾಡಿಬಿಟ್ಟೆ.

ಅತ್ತಿಗೆ ಕೈಗೆ ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಕರೆಂಟ್ ಹೋದ್ರೆ ಗಡಿಯಾರಾನೂ ನಿಂತ್ಕೊಂತೈತಲ್ರೀ?” ಎಂದು ಅಂಗಡಿಯವನನ್ನು ಕೇಳಿದಳು. ಅವನು ನಿಲ್ಲುತ್ತದೆ ಎಂದ. ಹಾಗಾದರೆ ಕರೆಂಟ್ ಬಂದ ಮೇಲೆ ಅದಕ್ಕೆ ರಾತ್ರಿಯೂ ಹಗಲೇ ಅಲ್ಲವೇ ಎಂದು ನನ್ನ ಕಡೆ ತಿರುಗಿದಳು. ಕರೆಂಟ್ ಬಂದ ತಕ್ಷಣ ಮುಳ್ಳು ಸರಿಮಾಡಲು ಮನುಷ್ಯರಿರುವುದಿಲ್ಲವೇ ಎಂದೆ ನಾನು. ಮನುಷ್ಯರು ಅಲ್ಲೇ ಇರುವುದಾದರೆ ಗಡಿಯಾರ ಯಾಕೆ ಎಂದಳು. ಅಂಗಡಿಯವನು ನಕ್ಕ, ಅಣ್ಣನೂ ನಕ್ಕ. ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಆ ನಗುವಿಗೆ ಅಂಕ ಬೀಳುತ್ತಿರಲಿಲ್ಲ. ತಿರುಪಿನದು ದಿನವೂ ರಾತ್ರಿ ಹಗಲು ಒಂದೇ ಬಿಸಿ ಕೊಡುತ್ತದೆ, ಗಡಿಯಾರದ್ದು ಕರೆಂಟ್ ಹೋದಾಗ ಮಾತ್ರ ತಪ್ಪುತ್ತದೆ. ಯಾವಾಗಲೂ ತಪ್ಪುವುದಕ್ಕಿಂತ ಆಗಾಗ ತಪ್ಪುವುದು ಮೇಲು ಎಂದು ವಾದಿಸಿದೆ. ಅಣ್ಣ ಗಡಿಯಾರದ್ದನ್ನೇ ಕಟ್ಟಿಸಿದ. ಬಸ್ಸಿನಲ್ಲಿ ಅದು ನನ್ನ ತೊಡೆಯ ಮೇಲೆ ಬಂತು. ಅತ್ತಿಗೆ ಬಸವಾಪಟ್ಟಣದವರೆಗೂ ಕಿಟಕಿಯಾಚೆ ನೋಡುತ್ತಿದ್ದಳು.

ಮನೆಯವರೆಲ್ಲ ಮಿಷನ್ನು ಎಂದು ಕರೆದ ಆ ಥರ್ಮೋಸ್ಟಾಟ್ ಕೆಲಸ ಮಾಡಿತು. ಅದರಿಂದ ಹೊರಡುವ ತಾಮ್ರದ ತಂತಿಯ ತುದಿಯಲ್ಲಿ ಪೆನ್ಸಿಲಿನಂಥ ಒಂದು ಕಡ್ಡಿ ಇತ್ತು, ಬಿಸಿಯನ್ನು ಅಳೆಯುವುದು ಅದೇ. ಹುಳುವಿನ ತಟ್ಟೆಗಳ ಎತ್ತರಕ್ಕೆ ಗೋಡೆಗೆ ಮೊಳೆ ಹೊಡೆದು ಅದನ್ನು ನೇತುಹಾಕಿದೆವು. ಟಿಕ್ ಅಂದರೆ ಫ್ಯಾನು ತಿರುಗುತ್ತಿತ್ತು, ಟಿಕ್ ಅಂದರೆ ನಿಲ್ಲುತ್ತಿತ್ತು. ಕರೆಂಟ್ ಬಂದಾಗಲೆಲ್ಲ ನಾನು ಓಡಿಹೋಗಿ ಗಡಿಯಾರ ತಿರುಗಿಸುತ್ತಿದ್ದೆ. ಮೊದಲ ಜ್ವರ ದಾಟಿತು, ಎರಡನೆಯದೂ ದಾಟಿತು, ಹುಳುಗಳೆಲ್ಲ ಒಂದೇ ಗಾತ್ರ. ಊರಿನವರು ನೋಡಲು ಬಂದರು. ಅಪ್ಪ ಅವರಿಗೆ ಮೊಳೆ, ಮುಳ್ಳು ಎಲ್ಲ ವಿವರಿಸಿ ಕೊನೆಗೆ “ನಮ್ ಹುಡುಗಿ ಆರಿಸಿದ್ದು” ಎನ್ನುತ್ತಿದ್ದ. ಆ ನಾಲ್ಕಾರು ದಿನ ನನ್ನಷ್ಟು ಸುಖಿ ಆ ತಾಲ್ಲೂಕಿನಲ್ಲಿ ಯಾರೂ ಇರಲಿಲ್ಲ.

ಶುಕ್ರವಾರ ಪೂಜೆ. ನಮ್ಮಲ್ಲಿ ಹೊಸ ಸೈಕಲ್ಲಿಗೂ ಪೂಜೆ, ಹೊಸ ಪಂಪಿಗೂ ಪೂಜೆ. ಇದಕ್ಕೂ ವಿಭೂತಿ, ಕುಂಕುಮ. ಮಾಡಿದವಳು ಅತ್ತಿಗೆ. ಬಂದವರೆಲ್ಲ ಹೊಗಳಿ ಹೋಗುತ್ತಾರೆ, ದೃಷ್ಟಿ ತಾಗುತ್ತದೆ ಎಂದು ಸೇವಂತಿಗೆ, ಬೇವಿನೆಲೆ ಸೇರಿಸಿ ಒಂದು ದಂಡೆ ಕಟ್ಟಿದಳು. ನಾನು ಹಾಗಾದರೆ ದೃಷ್ಟಿ ಊರಿನವರದೋ ಮನೆಯವರದೋ ಎಂದು ಕೇಳಿದೆ. ಅವಳು ದಂಡೆಗೆ ನೀರು ಚಿಮುಕಿಸುತ್ತ ಹೇಳಿದಳು:

“ಯಾರ್ದಾರ ಇರ್ಲಿ ಬಿಡು ತಂಗೀ. ಹೂವಿಗೆ ಹೆಸರು ಕೇಳೋ ಚಟ ಇಲ್ಲ.”

ಉತ್ತರ ಚೆನ್ನಾಗಿತ್ತು. ನನಗೆ ಹೊಳೆಯಬೇಕಾಗಿದ್ದ ಉತ್ತರ. ಅದಕ್ಕೇ ನಾನು ಅಲ್ಲಿ ನಿಲ್ಲದೆ ಹೊನ್ನಾಳಿ ಬಸ್ಸು ಹಿಡಿದೆ. ಆ ದಿನ ಅಲ್ಲಿ ಸ್ಪರ್ಧೆಯಿತ್ತು.

ದಂಡೆ ಎಲ್ಲಿಗೆ ಹಾಕಿದಳು ಎನ್ನುವುದು ನನ್ನ ವಾದದ ತಿರುಳು. ಗಡಿಯಾರದ ಪೆಟ್ಟಿಗೆಗೆ ಹಾಕಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ಹಾಕಿದ್ದು ಕಡ್ಡಿ ನೇತುಹಾಕಿದ ಮೊಳೆಗೆ. ಒದ್ದೆ ಹೂವು ಕಡ್ಡಿಯ ಸುತ್ತ ಕೂತಿತು. ತಟ್ಟೆಗಳ ಪಕ್ಕದ ಗೋಣಿತಾಟಿಗೆ ನೀರು ಚಿಮುಕಿಸಿದಾಗಲೆಲ್ಲ ಬಾಡದಿರಲೆಂದು ಹೂವಿಗೂ ಚಿಮುಕಿಸಿದ್ದಾರೆ, ಇದನ್ನು ಅವ್ವನೇ ಹೇಳಿದ್ದು. ಒದ್ದೆ ಬಟ್ಟೆ ಸುತ್ತಿದ ಗಡಿಗೆಯ ನೀರು ಯಾಕೆ ತಣ್ಣಗಿರುತ್ತದೆ? ಅದೇ ಕಾರಣಕ್ಕೆ ಕಡ್ಡಿಯೂ ತಣ್ಣಗಿತ್ತು. ಮನೆಯೆಲ್ಲ ಕಾದರೂ ಮಿಷನ್ನಿಗೆ ಚಳಿ. ಫ್ಯಾನು ನಿಲ್ಲಲಿಲ್ಲ, ಬೆಂಕಿ ಏರುತ್ತಲೇ ಹೋಯಿತು.

ಮಧ್ಯಾಹ್ನ ಸೊಪ್ಪು ಹಾಕಲು ಹೋದ ಅತ್ತಿಗೆಗೆ ಬಾಗಿಲಲ್ಲೇ ಝಳ ಹೊಡೆಯಿತಂತೆ. ಹುಳುಗಳು ತಲೆ ಎತ್ತಿ ತಟ್ಟೆಯ ಅಂಚಿಗೆ ಹರಿದು ಬಂದಿದ್ದವಂತೆ. ಸ್ವಿಚ್ಚು ಆರಿಸಿ, ಕಿಟಕಿ ತೆಗೆದು, ಎಲ್ಲರನ್ನೂ ಕೂಗಿ, ಕೆಂಡವನ್ನು ಹೊರಗೆ ಎಳೆಸಿದಳು. ಹುಳು ಉಳಿದವು. ಇದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಸಂಜೆ ನಾನು ಮೊದಲ ಬಹುಮಾನದ ಸ್ಟೀಲ್ ಲೋಟ ಹಿಡಿದು ಬಂದಾಗ ಮಿಷನ್ನು ಅಟ್ಟ ಸೇರಿತ್ತು. ಅಂಗಳದಲ್ಲಿ ಅರ್ಧ ಊರು ಕೈಗುಣದ ಮಾತಾಡುತ್ತಿತ್ತು. ಕೀಲಿ ಅತ್ತಿಗೆಯ ಸೊಂಟದಲ್ಲಿತ್ತು. ನನ್ನ ಲೋಟವನ್ನು ಯಾರೂ ನೋಡಲಿಲ್ಲ.

ಮರುದಿನ ಮಿಷನ್ನನ್ನು ಇಳಿಸಿ ತಂದು ಅಪ್ಪನ ಎದುರು ಪರೀಕ್ಷೆ ಮಾಡಿದೆ. ಕಡ್ಡಿಯನ್ನು ಒಲೆಯ ಹತ್ತಿರ ಒಣಗಿಸಿ ಹಿಡಿದೆ: ಟಿಕ್, ಫ್ಯಾನು ನಿಂತಿತು. ಅದೇ ಜಾಗದಲ್ಲಿ ಒದ್ದೆ ಹೂವು ಸುತ್ತಿ ಹಿಡಿದೆ: ಫ್ಯಾನು ತಿರುಗುತ್ತಲೇ ಇತ್ತು. ಮತ್ತೊಮ್ಮೆ ಮಾಡಿ ತೋರಿಸಿದೆ. ಅಪ್ಪ ಬೀಡಿ ಆರಿಸಿ ನೋಡಿದ.

“ನೀ ಹೇಳೋದು ಖರೇ ಐತೆ,” ಎಂದ. “ಆದ್ರೆ ಹುಳ ಉಳ್ಸಿದ್ದು ಯಾರು?”

ಕೆಡಿಸಿದ್ದು ಯಾರು ಎನ್ನುವುದು ಮೊದಲ ಪ್ರಶ್ನೆಯಲ್ಲವೇ ಎಂದೆ. ಹೂವು ಇಟ್ಟದ್ದು ತಪ್ಪು ಅಂತ ಯಾವ ಬಾಯಲ್ಲಿ ಹೇಳಲಿ ಎಂದ ಅಪ್ಪ. ಅವ್ವ ಗಲ್ಲಕ್ಕೆ ಕೈ ಬಡಿದುಕೊಂಡಳು. ಆ ಮನೆಯಲ್ಲಿ ಮಿಷನ್ನನ್ನು ಬೈಯಬಹುದಿತ್ತು, ನನ್ನನ್ನು ಬೈಯಬಹುದಿತ್ತು, ದೇವರ ಹೆಸರಿನಲ್ಲಿ ಮುಡಿಸಿದ ಹೂವನ್ನು ಬೈಯುವಂತಿರಲಿಲ್ಲ. ಅಂಥ ಸಭೆಯ ಮುಂದೆ ಗೆಲ್ಲುವುದು ಹೇಗೆಂದು ನಮ್ಮ ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ಕೀಲಿ ಅಲ್ಲೇ ಉಳಿಯಿತು. ಆ ಬೆಳೆಯ ಗೂಡುಗಳು ಬೆಳ್ಳಗೆ, ಗಟ್ಟಿಯಾಗಿ ಬಂದವು. ಮುಂದಿನ ಚಳಿಗೆ ಅತ್ತಿಗೆಯೇ ಮಿಷನ್ನನ್ನು ಅಟ್ಟದಿಂದ ಇಳಿಸಿದಳಂತೆ, ಗಡಿಯಾರ ತಿರುಗಿಸುವುದನ್ನೂ ರೂಢಿ ಮಾಡಿಕೊಂಡಳಂತೆ. ನಾನು ಆಗಲೇ ನ್ಯಾಮತಿಯ ಶಾಲೆಯಲ್ಲಿ ಕೆಲಸ ಹಿಡಿದಿದ್ದೆ.

ಒಂದು ಸಂಗತಿ ಮಾತ್ರ ನನ್ನನ್ನು ಬಿಟ್ಟಿಲ್ಲ. ಬಹುಮಾನದ ಸಂಜೆ ನಾನು ಆ ದಂಡೆಯನ್ನು ತಿಪ್ಪೆಯ ಮೇಲೆ ಕಂಡಿದ್ದೆ. ಗಂಟು ಹಾಗೇ ಇತ್ತು, ದಾರವನ್ನು ಸೊಪ್ಪು ಹೆಚ್ಚುವ ಕತ್ತಿಯಿಂದ ಕೊಯ್ದಿದ್ದರು. ಕೂಗು ಕೇಳಿ ಮೊದಲು ಓಡಿಬಂದವಳು ಪಕ್ಕದ ಮನೆಯ ಅಜ್ಜಿ. ಮೊಳೆಯ ಮೇಲೆ ಹೂವಿತ್ತೇ ಎಂದು ಕೇಳಿದೆ. ಇರಲಿಲ್ಲ, ಬರೀ ಕಡ್ಡಿ ನೇತಾಡುತ್ತಿತ್ತು ಎಂದಳು. ಅಂದರೆ ಜನ ಬರುವ ಮುಂಚೆಯೇ ಅದು ಹೋಗಿತ್ತು, ಕೊಯ್ದವಳಿಗೆ ಕಾರಣ ಆಗಲೇ ಗೊತ್ತಿದ್ದಿರಬೇಕು.

ಕಳೆದ ತಿಂಗಳು ಊರಿಗೆ ಹೋಗಿದ್ದೆ. ಜಗಳೂರಿನಿಂದ ಬಂದ ನೆಂಟರಿಗೆ ಅಪ್ಪ ಅದೇ ಕಥೆಯನ್ನು ಅದೇ ಮೊದಲ ವಾಕ್ಯದಿಂದ ಹೇಳಿದ. ಅತ್ತಿಗೆ ತಿದ್ದಲಿಲ್ಲ. ಎಲ್ಲರೂ ಊಟಕ್ಕೆ ಎದ್ದ ಮೇಲೆ ಹುಳದ ಮನೆಗೆ ಹೋದೆ, ಮುಖ ತೊಳೆದುಕೊಂಡೇ ಹೋದೆ. ಅವಳು ಒಬ್ಬಳೇ ಸೊಪ್ಪು ಹೆಚ್ಚುತ್ತಿದ್ದಳು. ಗೋಡೆಯ ಮೇಲೆ ಮಿಷನ್ನು ಟಿಕ್ ಅಂದಿತು, ಫ್ಯಾನು ನಿಂತಿತು. ಪೆಟ್ಟಿಗೆಯ ಮೇಲೆ ಒಂದು ಹೂವಿತ್ತು, ಕಡ್ಡಿಯ ಮೊಳೆ ಬರಿದಾಗಿತ್ತು.

“ಅತ್ತಿಗೆ,” ಎಂದೆ, “ಕೀಲಿ ಕೇಳಾಕೆ ಬಂದಿಲ್ಲ, ನಿನ್ ಹತ್ರಾನೇ ಇರ್ಲಿ. ಒಂದೇ ಮಾತು ಹೇಳು. ಅವತ್ತು ನೀನು ಮೊದ್ಲು ಕಿಟಕಿ ತೆಗೆದ್ಯೋ, ಹೂವು ತೆಗೆದ್ಯೋ?”