ಬೆಕ್ಕಿನ ಕಾಫಿಯೂ ನಮ್ಮತ್ತೆಯ ಮಾನವೂ

ಮೊಮ್ಮಗಳು ಮಡಿಕೇರಿಯಿಂದ ಅಂಗೈಯಗಲದ ಪೊಟ್ಟಣವೊಂದನ್ನು ತಂದು ನನ್ನ ಮೂಗಿಗೆ ಹಿಡಿದಳು. "ಮೂಸಿ ನೋಡಜ್ಜಿ. ರೇಟು ಕೇಳಿದ್ರೆ ಕೂತಲ್ಲೇ ಬಿದ್ದು ಹೋಗ್ತೀಯ." ಪೊಟ್ಟಣದ ಮೇಲೆ ಬೆಕ್ಕಿನ ಚಿತ್ರ! ಕಬ್ಬೆಕ್ಕು ಹಣ್ಣು ತಿಂದು ಹೇತ ಬೀಜದ ಕಾಫಿಯಂತೆ. ಈಗ ದೊಡ್ಡ ದೊಡ್ಡವರು ಕುಡಿಯುವುದಂತೆ. ಅಯ್ಯೋ, ಇದನ್ನು ನಾನು ಹದಿನೇಳನೆಯ ವಯಸ್ಸಿನಲ್ಲಿ ದಿನಕ್ಕೆರಡು ಲೋಟ ಕುಡಿದವಳು ಕಣ್ರೀ!

ನಾನು ಓದಿದ್ದು ಮೂರನೇ ಕ್ಲಾಸು, ಅಲಂಕಾರದ ಮಾತು ಬರುವುದಿಲ್ಲ. ಆಗ ಕೊಡಗು ಬೇರೆಯೇ ರಾಜ್ಯ, ಮಂತ್ರಿಗಳೆಲ್ಲ ಮಡಿಕೇರಿಯಲ್ಲೇ. ಹಾಸನದ ಕಡೆಯಿಂದ ಮದುವೆಯಾಗಿ ಬಂದು ಎಸ್ಟೇಟಿನ ಕೂಲಿಯವರ ಲೈನ್ ಮನೆ ಸೇರಿದಾಗ ನನಗೆ ಆಶ್ಚರ್ಯವಾದದ್ದು ಒಂದೇ. ಕಣ್ಣು ಹಾಯಿಸಿದಷ್ಟೂ ಕಾಫಿ ತೋಟ, ಕುಯ್ಯುವವರ ಒಲೆಯ ಮೇಲೆ ಮಾತ್ರ ಕೊತ್ತಂಬರಿ ಬೀಜದ ಕಷಾಯ! ಒಂದು ಹಿಡಿ ಕಾಫಿ ಮಡಿಲಿಗೆ ಹಾಕಿಕೊಂಡರೂ ಕಳ್ಳತನ. ಆದರೆ ನಮ್ಮತ್ತೆ ಮನೆಯಲ್ಲಿ ಘಮಘಮ ಕಾಫಿ. ಲೈನಿನವರೆಲ್ಲ ಭಾನುವಾರ ನಮ್ಮ ಜಗಲಿಯಲ್ಲೇ. "ನಮ್ಮಣ್ಣ ಊರಿಂದ ಪುಡಿ ಕಳಿಸ್ತಾನೆ" ಎಂದು ಅತ್ತೆ ಠೀವಿಯಿಂದ ಹೇಳುತ್ತಿದ್ದಳು.

ನಾನು ಆ ಮನೆ ಸೇರಿದ ವಾರವೇ ಆ ಅಣ್ಣನನ್ನು ನನಗೆ ತೋರಿಸಿದಳು. ಬೆಳಕು ಹರಿಯುವಾಗ ತೊರೆಯಾಚೆಯ ಬಂಡೆಗೆ ಕರೆದೊಯ್ದಳು. ಬಂಡೆಯ ಮೇಲೆ ಕಡಲೆ ಚಿಕ್ಕಿಯಂತೆ ಅಂಟಿಕೊಂಡ ಬೀಜದ ಉಂಡೆಗಳು!

"ಬೆಕ್ಕಿಗೆ ನಮ್ಮ ಹಾಜರಿ ರೈಟರಿಗಿಂತ ಬುದ್ಧಿ ಜಾಸ್ತಿ ಕಣೇ. ಚೆನ್ನಾಗಿ ಹಣ್ಣಾಗಿದ್ದು ಮಾತ್ರ ತಿನ್ನುತ್ತೆ. ಹೊರಗೆ ಬಾಯಿ ಬಿಟ್ಯೋ, ನಾಲಗೆ ಕಿತ್ತಾಕ್ತೀನಿ."

ಏಳು ನೀರಿನಲ್ಲಿ ತೊಳೆದು, ಒಣಗಿಸಿ, ಕುಟ್ಟಿ ಹೊಟ್ಟು ತೆಗೆದು, ಹುರಿಯುತ್ತಿದ್ದೆವು. ಮೊದಲ ಲೋಟಕ್ಕೆ ಮೂಗು ಮುಚ್ಚಿಕೊಂಡೆ. ಎರಡನೆಯದನ್ನು ನಾನೇ ಕೇಳಿದೆ.

ಆ ವರ್ಷ ಹಣ್ಣು ಕುಯ್ಯುವ ಕಾಲಕ್ಕೆ ಎಸ್ಟೇಟಿನ ಕಣದಲ್ಲಿ ಒಣಗಲು ಹಾಕಿದ್ದ ಬೀಜ ಕಳುವಾಯಿತು. ಹಾಜರಿ ಬರೆಯುವ ರೈಟರು ಲೈನ್ ಮನೆಗಳನ್ನು ಹುಡುಕುತ್ತ ಬಂದರು. ನಾನೊಬ್ಬಳೇ ಇದ್ದೆ. ಒಲೆಯ ಪಕ್ಕದ ಗಡಿಗೆಗೆ ಕೈ ಹಾಕಿ ಬೀಜ ಮೇಲೆತ್ತಿದರು. ಇಲ್ಲೇ ನೋಡಿ ಎಡವಟ್ಟಾಗಿದ್ದು. ಎಸ್ಟೇಟಿನ ಮಿಷನ್ನು ಹಣ್ಣಿನ ಸಿಪ್ಪೆ ಮಾತ್ರ ಸುಲಿಯುತ್ತದೆ, ಒಳಗಿನ ಹೊಟ್ಟು ಬೀಜಕ್ಕೆ ಅಂಟಿಕೊಂಡೇ ಇರುತ್ತದೆ. ಬೆಕ್ಕಿನ ಹೊಟ್ಟೆ ಮಾಡುವುದೂ ಅಷ್ಟನ್ನೇ. ಎರಡನ್ನೂ ಪಕ್ಕದಲ್ಲಿಟ್ಟರೆ ಬ್ರಹ್ಮನಿಗೂ ಗುರುತು ಹತ್ತದು.

"ಯಾವಾಗ ಕದ್ದೆ?"

"ಕದ್ದಿಲ್ಲ."

"ಮತ್ತೆ? ಗಿಡದಲ್ಲೇ ಸಿಪ್ಪೆ ಬಿಚ್ಚಿಟ್ಟು ನಿನ್ನ ಗಡಿಗೆಗೆ ನಡ್ಕೊಂಡು ಬಂತಾ? ನಡಿ ಪೊಲೀಸಿನವ್ರ ಹತ್ರ."

ಲೈನಿನವರೆಲ್ಲ ನೆರೆದಿದ್ದರು. ನಿಜ ಹೇಳಿದರೆ ಅಷ್ಟೂ ಜನಕ್ಕೆ ಅತ್ತೆ ಏನು ಕುಡಿಸಿದ್ದಳೆಂದು ಗೊತ್ತಾಗುತ್ತದೆ. ಹೇಳದಿದ್ದರೆ ನಾನು ಕಳ್ಳಿ. ಅಷ್ಟರಲ್ಲಿ ಅತ್ತೆ ತೊರೆಯಿಂದ ನೀರು ಹೊತ್ತು ಬಂದಳು. ರೈಟರ ಕೈ ನೋಡಿದಳು, ನನ್ನ ಮುಖ ನೋಡಿದಳು, ಕೊಡ ಇಳಿಸಿದಳು.

"ಬಿಡಿ ಅವಳನ್ನ. ಅದು ಬೆಕ್ಕು ಹೇತಿದ್ದು. ಬಂಡೆ ಮೇಲೆ ಇನ್ನೂ ಇದೆ, ಬನ್ನಿ ತೋರಿಸ್ತೀನಿ."

ರೈಟರು ನಕ್ಕರು. "ಸುಳ್ಳಾದ್ರೂ ಸರಿಯಾಗಿ ಹೇಳಮ್ಮ. ಅದನ್ನ ಯಾರು ಕುಡೀತಾರೆ?"

"ನೀವೇ ಕುಡಿದ್ರಲ್ಲ ರೈಟರೇ, ಮೊನ್ನೆ ಭಾನುವಾರ. ಎರಡು ಲೋಟ. ಲೋಟದ ತಳಾನೂ ಬಿಡ್ಲಿಲ್ಲ."

ಆ ಮುಖ ನೀವು ನೋಡಬೇಕಿತ್ತು! ಹಿಂದೆ ಯಾರೋ ಚರಂಡಿಗೆ ಓಡಿದರು. ಪೊನ್ನಮ್ಮ ಎಂಬುವಳು "ಅಯ್ಯೋ ಮುರುಗಾ" ಎಂದು ಬಾಯಿಗೆ ಸೆರಗು ತುರುಕಿಕೊಂಡಳು. ರೈಟರು ಬಂಡೆಯವರೆಗೆ ಹೋದರು, ನೋಡಿದರು, ವಾಪಸು ಹೋದರು. ನಾನು ಬಚಾವಾದೆ.

ಮುಂದಿನ ಭಾನುವಾರ ನಮ್ಮ ಜಗಲಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅತ್ತೆ ನೀರಿಗೆ ಹೋದರೆ ಹಿಂದಿನಿಂದ ಮಿಯಾಂವ್ ಅನ್ನುತ್ತಿದ್ದರು. ಅವಳು ಕೊಟ್ಟ ನೀರನ್ನೂ ಯಾರೂ ಮುಟ್ಟಲಿಲ್ಲ, ಅವಳು ಸಾಯುವವರೆಗೆ. ನಾನೋ, ಒಂದು ದಿನವೂ ಅವಳಿಗೆ ಒಂದು ಒಳ್ಳೆಯ ಮಾತು ಹೇಳಿದವಳಲ್ಲ. ಸಾಲದೆಂದು ಈ ಕಥೆಯನ್ನು ಮದುವೆ ಮನೆಗಳಲ್ಲಿ ಮಿಯಾಂವ್ ಸಮೇತ ಹೇಳಿ ಜನರನ್ನು ನಗಿಸಿದೆ.

ಮೊಮ್ಮಗಳು ಆ ಕಾಫಿ ಮಾಡಿಕೊಟ್ಟಳು. ಹುರಿದದ್ದು ಜಾಸ್ತಿಯಾಗಿದೆ, ಅತ್ತೆಯದು ಇದಕ್ಕಿಂತ ಚೆನ್ನಾಗಿತ್ತು. ಜೊತೆಗೆ ಬಂದಿದ್ದ ಗೆಳತಿಯರು ಕಥೆ ಹೇಳಿ ಎಂದು ಸುತ್ತ ಕೂತರು. ಹೇಳಿದೆ. ಕೊಡ ಇಳಿಸಿದಲ್ಲಿಗೆ ಬಂದು, ಅವಳು ಹೇಳಿದಂತೆಯೇ ಮೆಲ್ಲಗೆ, "ಬಿಡಿ ಅವಳನ್ನ" ಎಂದೆ. ಅಲ್ಲಿಗೆ ನಿಲ್ಲಿಸಿದೆ. ಯಾರೂ ನಗಲಿಲ್ಲ.

"ಮಿಯಾಂವ್ ಬಿಟ್ಟೆಯಲ್ಲಜ್ಜಿ?"

"ಬಿಟ್ಟೆ. ಅವಳ ಹೆಸರು ನಂಜಮ್ಮ. ಅದನ್ನ ತಿಳ್ಕೊಳ್ಳಿ ಮೊದಲು."