ವಿಮಾನಕ್ಕೆ ಅತ್ತೆ ಎಬ್ಬಿಸಿದ ಹೊಗೆ

ತೊಂಬತ್ತರ ದಶಕದ ನಡುವಿನ ಮಾತು. ಊರಿನ ಹೊಗೆ ಗಾಳಿಯಲ್ಲಿ ಎಲ್ಲಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನನ್ನ ಕೆಲಸ. ಅದೂ ಒಂದು ವರ್ಷದ ಮಟ್ಟಿಗೆ ಕೊಟ್ಟದ್ದು. ಲೆಕ್ಕ ಸರಿಬಂದರೆ ಮುಂದುವರಿಸುತ್ತೇವೆ ಎಂದಿದ್ದರು. ಪಾಂಡವಪುರದ ಸುತ್ತಿನ ಆಲೆಮನೆಗಳನ್ನೆಲ್ಲ ಸೈಕಲ್ಲಿನಲ್ಲಿ ಸುತ್ತಿ, ಬೆಲ್ಲದ ಒಲೆಗಳನ್ನು ಎಣಿಸಿ, ಅಳೆದ ಗಾಳಿಯ ವೇಗವನ್ನೂ ಸೇರಿಸಿ ಕಂಪ್ಯೂಟರಿಗೆ ಉಣಿಸಿದ್ದೆ. ಅದು ಹೇಳಿದ್ದು ನಿಜವೋ ಸುಳ್ಳೋ ನೋಡಲು ಒಂದು ಪುಟ್ಟ ವಿಮಾನ ಬರುವುದಿತ್ತು. ಅದರ ಕಿಟಕಿಯಿಂದ ಹೊರಚಾಚಿದ ಕೊಳವೆ ಗಾಳಿಯನ್ನು ಹೀರಿಕೊಂಡರೆ, ಒಳಗಿನ ಯಂತ್ರ ಹೊಗೆ ಎಷ್ಟಿದೆ ಎಂದು ಅಳೆಯುತ್ತಿತ್ತು.

ಹಾರಾಟಕ್ಕೆ ಒಂದು ವಾರ ಮೊದಲು ಕ್ಯಾತನಹಳ್ಳಿಯ ಸೋದರತ್ತೆಯ ಮನೆಯಲ್ಲಿ ಉಣ್ಣುತ್ತ ಕೊಚ್ಚಿಕೊಂಡೆ. ಗುರುವಾರ ಬೆಳಿಗ್ಗೆ ನಿಮ್ಮ ತಲೆಯ ಮೇಲೇ ಹಾರುತ್ತೇನೆ ಎಂದೆ.

"ಅಲ್ಕಣ್ಲಾ, ಅಷ್ಟೆತ್ರದಲ್ಲಿ ಹೊಗೆ ಸಿಗ್ದೆ ಓದ್ರೆ?" ಅತ್ತೆ ಮುದ್ದೆ ಬಡಿಸುತ್ತ ಕೇಳಿದಳು.

"ಸಿಗ್ನಿಲ್ಲ ಅಂದ್ರೆ ನನ್ ಕೆಲ್ಸ ಓಯ್ತದೆ ಕಣತ್ತೆ."

ನನ್ನ ಕೆಲಸ ಬಹಳ ಘನವಾದದ್ದು ಎಂದು ತೋರಿಸಿಕೊಳ್ಳಲು ಆಡಿದ ಮಾತು. ಅತ್ತೆ ತಟ್ಟೆಗೆ ಇನ್ನೊಂದು ಮುದ್ದೆ ಇಟ್ಟಳು.

ಗುರುವಾರ ವಿಮಾನದಲ್ಲಿ ನಾನು ಮಾಡಿದ್ದು ವಾಂತಿಯೊಂದೇ. ಕ್ಯಾತನಹಳ್ಳಿಯ ಮೇಲೆ ಯಂತ್ರದ ಮುಳ್ಳು ನೆಗೆದದ್ದನ್ನು ಪಕ್ಕದವರು ನೋಡಿ ಹೇಳಿದರು. ಆಫೀಸಿಗೆ ಬಂದು ಎರಡು ಗೆರೆಗಳನ್ನೂ ಒಂದೇ ಹಾಳೆಯಲ್ಲಿ ಎಳೆದರೆ, ಕಂಪ್ಯೂಟರಿನದು ಗದ್ದೆಯ ಬದುವಿನಷ್ಟು ಮಟ್ಟಸ, ವಿಮಾನದ್ದು ಕುಂತಿಬೆಟ್ಟ.

"ಗಾಳಿ ಸರಿಯಾಗಿ ಹಾಕಿದೀರಾ ನೋಡಿ," ಎಂದರು ಸಾಹೇಬರು.

ಸರಿಯಾಗಿಯೇ ಹಾಕಿದ್ದೆ. ಆದರೆ ವರ್ಷ ಮುಗಿಯುತ್ತಿತ್ತು, ನನಗೆ ಭಯವಾಗಿತ್ತು. ಗಾಳಿ ನಿಧಾನವಾದರೆ ಹೊಗೆ ಚದುರದೆ ನಿಲ್ಲುತ್ತದೆ. ಅಳೆದ ಗಾಳಿಯನ್ನು ಕಂಪ್ಯೂಟರಿನಲ್ಲಿ ಇಷ್ಟಿಷ್ಟೇ ನಿಧಾನ ಮಾಡುತ್ತ ಹೋದೆ. ಕೊನೆಗೆ ಎರಡು ಗೆರೆಗಳೂ ಕೂಡಿಕೊಂಡವು. ಸಾಹೇಬರು ಬೆನ್ನು ತಟ್ಟಿ, ಕೆಲಸ ಮುಂದುವರಿಸಲು ಬರೆಯುತ್ತೇನೆ ಎಂದರು.

ಮೈಸೂರುಪಾಕು ಕಟ್ಟಿಸಿಕೊಂಡು ಕ್ಯಾತನಹಳ್ಳಿಗೆ ಹೋದೆ. ಬಾಗಿಲಲ್ಲೇ ಅತ್ತೆ ಕೇಳಿದಳು, "ಹೊಗೆ ಸಾಕಾಯ್ತೇನ್ಲಾ?"

ಆಮೇಲೆ ಎಲ್ಲ ಹೇಳಿದಳು. ಊರವರಿಗೆಲ್ಲ ಸುದ್ದಿ ಮುಟ್ಟಿಸಿ, ಗದ್ದೆಗಳಲ್ಲಿದ್ದ ಕಬ್ಬಿನ ಒಣ ತರಗನ್ನು ಗುರುವಾರಕ್ಕೆಂದು ಗುಡ್ಡೆ ಹಾಕಿಸಿ, ಹೊಗೆ ದಟ್ಟವಾಗಿ ಏಳಲಿ ಎಂದು ನೀರು ಚಿಮುಕಿಸಿ, ವಿಮಾನ ಬರುವ ಮೊದಲೇ ಬೆಂಕಿ ಹಚ್ಚಿಸಿದ್ದಳು.

"ನಮ್ಮನೆ ಮಗ ಹೊಗೆ ಉಡಿಕ್ಕಂಡು ಬತ್ತಾವ್ನೆ, ಬರಿಗೈಲಿ ಕಳ್ಸಕಾಯ್ತದಾ? ಕೆಲ್ಸ ಉಳೀತು ತಾನೆ?"

ಮೈಸೂರುಪಾಕಿನ ಪೊಟ್ಟಣವನ್ನು ಕೆಳಗಿಟ್ಟೆ. ಸರಿಯಿದ್ದ ಗಾಳಿಯನ್ನು ಕೆಡಿಸಿ, ಆ ಸುಳ್ಳಿನ ಮೇಲೆ ಕೆಲಸ ಉಳಿಸಿಕೊಂಡಿದ್ದೆ. ನಾಚಿಕೆಯಾಯಿತು. ಯಾರ ಗದ್ದೆಯಲ್ಲಿ ಎಷ್ಟು ಗಾಡಿ ತರಗು ಸುಟ್ಟಿರಿ ಎಂದು ಕೇಳಿದೆ. ಅತ್ತೆ ಬೆರಳು ಮಡಿಸುತ್ತ ಒಂದೂ ಬಿಡದೆ ಹೇಳಿದಳು.

ಮಾರನೆಯ ದಿನ ಸಾಹೇಬರ ಮುಂದೆ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಗೆರೆಗಳ ಹಾಳೆಯನ್ನು ಮತ್ತೆ ಮೇಜಿನ ಮೇಲೆ ಹರಡಿದರು.

"ಗಾಳೀನ ಇದ್ದ ಹಾಗೇ ಇಡಿ. ನಿಮ್ಮತ್ತೆ ಹೇಳಿದ್ದನ್ನ ಸೇರಿಸಿ."

ಸೇರಿಸಿದೆ. ಕಂಪ್ಯೂಟರಿನ ಗೆರೆ ತಾನಾಗಿ ಮೇಲೆದ್ದು ವಿಮಾನದ ಗೆರೆಯ ಪಕ್ಕ ಹೋಗಿ ಕೂತಿತು. ನಾನು ಹಾಕಿದ್ದ ಲೆಕ್ಕ ಮೊದಲಿನಿಂದಲೂ ಸರಿಯಾಗಿಯೇ ಇತ್ತು. ಅದನ್ನು ನಂಬದೆ ಹೋದವನು ನಾನೇ. ಕೆಲಸ ಉಳಿಯಿತು, ಒಂದು ಷರತ್ತಿನ ಮೇಲೆ: ಮುಂದಿನ ಹಾರಾಟದ ದಿನ ಅತ್ತೆಗೆ ತಿಳಿಯಕೂಡದು.

ಹೇಳಲಿಲ್ಲ. ಆ ಸಲ ಯಾವ ಕೈವಾಡವೂ ಇಲ್ಲದೆ ಗೆರೆಗಳು ಹೊಂದಿಕೊಂಡವು. ಆದರೆ ಗದ್ದೆಯಲ್ಲಿ ಕಳೆ ಕೀಳುತ್ತಿದ್ದ ಅತ್ತೆ ತಲೆಯೆತ್ತಿ ವಿಮಾನವನ್ನು ನೋಡಿಬಿಟ್ಟಿದ್ದಳು. ಮುಂದಿನ ಸಲ ಹೋದಾಗ ಮುಖ ಕೊಟ್ಟು ಮಾತಾಡಲಿಲ್ಲ. ತಟ್ಟೆಗೆ ಮುದ್ದೆ ಇಟ್ಟು, ಸಾರು ಬಿಟ್ಟು, ಬಾಗಿಲ ಕಡೆ ನೋಡುತ್ತ ಹೇಳಿದಳು:

"ಒಂದ್ ಮಾತ್ ಯೋಳ್ಬಾರ್ದಾಗಿತ್ತಾ? ನಮ್ಮೂರ್ ಮೇಲೇ ಬಂದು ಬರಿಗೈಲಿ ಓದ್ಯಲ್ಲಾ."