ಪಾತ್ರೆ ಅಂಗಡಿ ಫೋಟೋದ ಎಡಗಡೆಯ ಅಂಚು

ಅಜ್ಜಂಪುರದ ಪೇಟೆ ಬೀದಿಯಲ್ಲಿ ನಮ್ಮದೊಂದು ಹಗ್ಗದ ಅಂಗಡಿ ಇತ್ತು. ಹಗ್ಗ, ಮೂಗುದಾರ, ಎತ್ತಿನ ಕೊರಳಗಂಟೆ, ಬಾರುಕೋಲು, ಇಷ್ಟೇ ಮಾಲು. ಅಪ್ಪ ತೀರಿಕೊಂಡಾಗ ನನಗೆ ಮೂರು ವರ್ಷ. ಅಲ್ಲಿಂದ ಮುಂದೆ ಇಪ್ಪತ್ತೈದು ವರ್ಷ ಆ ಅಂಗಡಿಯ ಗಲ್ಲಾದ ಹಿಂದೆ ಕೂತವಳು ನಮ್ಮಮ್ಮ. ಆಗ ಹಗ್ಗವನ್ನು ಮಾರಿನ ಲೆಕ್ಕದಲ್ಲಿ ಕೊಡುತ್ತಿದ್ದರು, ಎರಡೂ ಕೈ ಅಗಲಕ್ಕೆ ಚಾಚಿದರೆ ಒಂದು ಮಾರು. ಅಮ್ಮ ಕುಳ್ಳಿ. ಹೆಂಗಸಿನ ಮಾರು ಗಿಡ್ಡ ಅಂತ ಯಗಟಿ ಕಡೆಯ ಕುರಿಯವರು ತಕರಾರು ತೆಗೆದರೆ, ಒಂದೊಂದು ಮಾರಿಗೂ ಒಂದೊಂದು ಗೇಣು ಸೇರಿಸಿ ಅಳೆದು ಅವರ ಬಾಯಿ ಮುಚ್ಚಿಸಿ ಕಳಿಸುತ್ತಿದ್ದಳು.

ಈಗ ಆ ಅಂಗಡಿ ಇಲ್ಲ. ರಸ್ತೆ ಅಗಲ ಮಾಡುವಾಗ ಸಾಲಿಗೆ ಸಾಲೇ ಕೆಡವಿದರು. ಹೋದ ವರ್ಷ ಊರಿನ ನಾಲ್ಕಾರು ನಿವೃತ್ತರು ಸೇರಿ, ಪೇಟೆ ಬೀದಿಯ ಹಳೆಯ ಫೋಟೋಗಳ ಪ್ರದರ್ಶನ ಮಾಡುತ್ತೇವೆ, ಮನೆಯಲ್ಲಿದ್ದರೆ ಕೊಡಿ ಎಂದು ಕೇಳಿದರು. ಮುಂದಾಳು ನನಗೆ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳಿದ ಮೇಷ್ಟ್ರು. ನಾನು ಈಗಿರುವುದು ಬೀರೂರಿನಲ್ಲಿ, ಅಮ್ಮನೂ ನನ್ನ ಜೊತೆಗಿದ್ದಾಳೆ. ಒಂದು ಭಾನುವಾರ ಬಸ್ಸು ಹತ್ತಿ ಮೇಷ್ಟ್ರ ಮನೆಗೆ ಹೋದೆ. ನಡುಮನೆಯ ಚಾಪೆಯ ಮೇಲೆ ಫೋಟೋಗಳನ್ನು ಹರಡಿದ್ದರು. ಹಗ್ಗದ ಅಂಗಡಿಯದು ಆಗಲೇ ಬಂದಿತ್ತು, ಕೊಟ್ಟವನು ನಮ್ಮ ಚಿಕ್ಕಪ್ಪನ ಮಗ. ಆಯುಧಪೂಜೆಯ ದಿನ ತೆಗೆದ ಫೋಟೋ. ಬಾಗಿಲಿಗೆ ಬಾಳೆಕಂದು, ಮಾವಿನ ತೋರಣ, ತಕ್ಕಡಿಗೆ ಚೆಂಡುಹೂವು, ಗಲ್ಲಾದ ಹಿಂದೆ ಪೇಟ ಸುತ್ತಿಕೊಂಡ ಚಿಕ್ಕಪ್ಪ. ಕೆಳಗೊಂದು ಚೀಟಿ ಅಂಟಿಸಿ, ಹಗ್ಗದ ಅಂಗಡಿಯ ಮಾಲೀಕರು ಎಂದು ಅವನ ಹೆಸರು ಬರೆದಿದ್ದರು.

ಮೈಯೆಲ್ಲ ಉರಿದುಹೋಯಿತು. ಚಿಕ್ಕಪ್ಪ ಕಡೂರಿನ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದವನು. ವರ್ಷಕ್ಕೊಂದು ದಿನ ಬಸ್ಸಿಳಿದು ಬಂದು, ಗಲ್ಲಾದ ಹಿಂದೆ ಕೂತು ಫೋಟೋ ತೆಗೆಸಿಕೊಂಡು, ಹೋಳಿಗೆ ಉಂಡು ಹೋಗುತ್ತಿದ್ದ. ಒಂದು ಮಾರು ಹಗ್ಗ ಅಳೆದ ಮನುಷ್ಯನಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸು ಪೂಜೆಯ ಫೋಟೋದಲ್ಲಿ ಇರಬಾರದು ಎಂದು ನಮ್ಮ ಮನೆಯ ಹಿರಿಯರ ಕಟ್ಟಳೆ. ವರ್ಷವೆಲ್ಲ ಅದೇ ಗಲ್ಲಾದ ಹಿಂದೆ ಅವಳು ಕೂತರೆ ಯಾವ ದೇವರಿಗೂ ಅಡ್ಡಿಯಿಲ್ಲ, ಆ ಒಂದು ಗಳಿಗೆ ಮಾತ್ರ ಆಗದು.

ಚೀಟಿ ಕಿತ್ತುಹಾಕಿ ಅಂದೆ. ಮೇಷ್ಟ್ರು ಸಮಾಧಾನಿ. ಕನ್ನಡಕ ತೆಗೆದು ಪಂಚೆಯ ತುದಿಗೆ ಒರೆಸುತ್ತ ಹೇಳಿದರು. “ನೀನ್ ಹೇಳಾದು ಊರಿಗೇ ಗೊತ್ತು ಕಣಮ್ಮ. ಆದ್ರೆ ಫೋಟೋದಾಗೆ ಇಲ್ದೋರ ಹೆಸ್ರು ಅದ್ರ ಕೆಳಗೆ ಹೆಂಗೆ ಬರೀಲಿ? ನಿಮ್ಮಮ್ಮ ಅಂಗಡೀಲಿರೋದು ಒಂದೇ ಒಂದು ಫೋಟೋ ತಗಂಬಾ. ಆ ಚೀಟಿ ನೀನೇ ಬರಿ.”

ಪ್ರದರ್ಶನಕ್ಕೆ ಇನ್ನೊಂದು ತಿಂಗಳಿತ್ತು. ಅಮ್ಮನಿಗೆ ಎಂಬತ್ತಾರು ವರ್ಷ. ಇನ್ನೊಂದು ಸಲ ಇಂಥದ್ದು ಯಾರು ಮಾಡುತ್ತಾರೋ, ಆಗ ಅವಳಿರುತ್ತಾಳೋ ಇಲ್ಲವೋ. ತಂದೇ ತರುತ್ತೇನೆ ಎಂದು ಹೇಳಿ ಚಪ್ಪಲಿ ಮೆಟ್ಟಿದೆ. ಮನೆಗೆ ಬಂದು ಹೇಳಿದಾಗ ಅಮ್ಮ, ಹೋಗಲಿ ಬಿಡು, ಇಷ್ಟು ವರ್ಷದ ಮೇಲೆ ಯಾಕೆ ಅಂದಳು. ಬಿಡುವ ಜಾಯಮಾನ ನನ್ನದಲ್ಲ. ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ, ಆ ಕೋಪ ಒಂದು ದಿನವಾದರೂ ಕೆಲಸಕ್ಕೆ ಬರಲಿ ಅಂದುಕೊಂಡೆ.

ಭೂತಗನ್ನಡಿಯನ್ನು ಬ್ಯಾಗಿಗೆ ಹಾಕಿಕೊಂಡು, ಪೇಟೆ ಬೀದಿಯಿಂದ ಚೆದುರಿದ ಮನೆಗಳನ್ನು ಹುಡುಕಿಕೊಂಡು ಹೊರಟೆ. ಬುಕ್ಕಾಂಬುಧಿಯಲ್ಲೊಂದು, ಕಡೂರಿನಲ್ಲಿ ಮೂರು, ಬೀರೂರಿನ ರೈಲ್ವೆ ಕ್ವಾರ್ಟರ್ಸಿನ ಹಿಂದೊಂದು. ಕಾಫಿ ಕೊಟ್ಟು ಆಲ್ಬಂ ತೆಗೆದವರಿಗೆ ಅವರ ಅಜ್ಜ, ಮಾವ ಕಾಣುತ್ತಿದ್ದರು. ನಾನು ಅವರ ಬೆನ್ನ ಹಿಂದಿನ ಬೀದಿ ನೋಡುತ್ತಿದ್ದೆ. ನಂಬರು ಬರೆದ ಬಾಡಿಗೆ ಸೈಕಲ್ಲುಗಳು, ಗೋಲಿ ಸೋಡಾದ ಕ್ರೇಟು, ಸ್ಟೇಷನ್ನಿಗೆ ಹೊರಟ ಜಟಕಾ, ಸೀಮೆಎಣ್ಣೆಗೆ ಸಾಲುಗಟ್ಟಿದ ಡಬ್ಬಗಳು. ಒಂದು ಮದುವೆಯ ಫೋಟೋದಲ್ಲಿ ಮದುಮಗನ ಜೀಪಿನ ಹಿಂದೆ ನಮ್ಮ ಅಂಗಡಿ ಸಿಕ್ಕಿತು, ಬಾಗಿಲು ಹಾಕಿತ್ತು. ಆ ಹೊತ್ತಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬಿದ್ದಿತ್ತು. ಇಡೀ ಬೀದಿಗೆ ಇಡ್ಲಿ ಹಾಕಿದ ಅಜ್ಜಿಯ ಹೋಟೆಲಿನ ಫೋಟೋದಲ್ಲಿ ಎದೆಯುಬ್ಬಿಸಿ ಕೂತಿದ್ದವನು ಅವಳ ಅಳಿಯ. ಅಜ್ಜಿ ಇರಲೇ ಇಲ್ಲ.

ಅಂಗಡಿ ಫೋಟೋಗಳ ಬೆನ್ನಿಗೆಲ್ಲ ಒಂದೇ ಮೊಹರಿತ್ತು, ತರೀಕೆರೆಯ ಒಂದು ಸ್ಟುಡಿಯೋದ್ದು. ತರೀಕೆರೆಗೆ ಹೋದೆ. ಫೋಟೋ ತೆಗೆದಾತ ಯಾವತ್ತೋ ತೀರಿಕೊಂಡಿದ್ದ, ಮಗ ಅದೇ ಮಳಿಗೆಯಲ್ಲಿ ಜೆರಾಕ್ಸ್ ಮಿಷನ್ ಇಟ್ಟುಕೊಂಡಿದ್ದ. ನೆಗೆಟಿವ್‌ಗಳೆಲ್ಲ ಟ್ರಂಕಿನಲ್ಲಿ ಅಟ್ಟದ ಮೇಲಿವೆ, ಬಿಡುವಾದಾಗ ನೋಡೋಣ ಅಂದ. ಮುಂದಿನ ವಾರ ಹೋದೆ, ಬಿಡುವಾಗಿರಲಿಲ್ಲ. ಮೂರನೆಯ ಸಲ ಹೋದಾಗ, ನೀನು ಏಣಿ ಹಿಡಿದುಕೋ ಸಾಕು, ನಾನೇ ಹತ್ತುತ್ತೇನೆ ಎಂದು ಸೀರೆ ಎತ್ತಿ ಕಟ್ಟಿದೆ. ಅರವತ್ತು ದಾಟಿದ ಹೆಂಗಸು ಏಣಿಗೆ ಕಾಲಿಡುವುದನ್ನು ನೋಡಿ ಅವನಿಗೆ ನಾಚಿಕೆಯಾಯಿತು. ಟ್ರಂಕು ಇಳಿಯಿತು.

ಅವನೇ ವಿವರಿಸಿದ. ಅವರಪ್ಪ ಆಯುಧಪೂಜೆಯ ದಿನ ಪೇಟೆ ಬೀದಿಯ ಮೇಲಿನ ತುದಿಯಿಂದ ಶುರು ಮಾಡಿ ಒಂದೊಂದೇ ಅಂಗಡಿ ಮುಗಿಸುತ್ತ ಬರುತ್ತಿದ್ದರಂತೆ. ಫಿಲಂ ದುಬಾರಿ, ಅಂಗಡಿಗೆ ಒಂದೇ ಫೋಟೋ. ಯಾರೂ ಬಿಟ್ಟುಹೋಗದಿರಲೆಂದು ದೂರ ನಿಂತು ಅಗಲವಾಗಿ ತೆಗೆಯುವುದು, ಆಮೇಲೆ ಪ್ರಿಂಟು ಹಾಕುವಾಗ ಚೌಕಟ್ಟಿನ ಅಳತೆಗೆ ಎರಡೂ ಬದಿ ಕತ್ತರಿಸುವುದು. ಇದನ್ನು ಕೇಳುತ್ತಲೇ ನನ್ನ ತಲೆ ಓಡಿತು. ನಮ್ಮ ಅಂಗಡಿಗಿಂತ ಮೊದಲು ಬರುವುದು ಪಕ್ಕದ ಪಾತ್ರೆ ಅಂಗಡಿ. ಅದನ್ನು ಅಗಲವಾಗಿ ತೆಗೆದಿದ್ದರೆ ಕತ್ತರಿಸಿ ಹಾಕಿದ ಅಂಚಿನಲ್ಲಿ ನಮ್ಮ ಅಂಗಡಿಯೂ ಇರಬೇಕು. ಅದರ ಫೋಟೋ ತೆಗೆಯುವ ಹೊತ್ತಿಗೆ ಚಿಕ್ಕಪ್ಪ ಇನ್ನೂ ಗಲ್ಲಾಕ್ಕೆ ಬಂದಿರುವುದಿಲ್ಲ. ಹಬ್ಬಕ್ಕೆ ಎತ್ತಿಗೆ ಹೊಸ ಹಗ್ಗ, ಹೊಸ ಮೂಗುದಾರ ಕೊಳ್ಳುವವರು ಅಂದೇ ಮುಗಿಬೀಳುತ್ತಾರೆ, ಆ ಜನಕ್ಕೆ ಮಾಲು ಕೊಡುತ್ತಿದ್ದವಳು ಅಮ್ಮ. ಹಗ್ಗದ ಅಂಗಡಿಯ ನೆಗೆಟಿವ್ ಬಿಡು, ಪಾತ್ರೆ ಅಂಗಡಿಯವು ಎಷ್ಟಿವೆಯೋ ಅಷ್ಟೂ ತೆಗೆ ಅಂದೆ.

ಆರು ಸಿಕ್ಕವು. ಒಂದೊಂದನ್ನೇ ಕಂಪ್ಯೂಟರಿಗೆ ಹಾಕಿ ಬಿಳಿಯನ್ನು ಕಪ್ಪು, ಕಪ್ಪನ್ನು ಬಿಳಿ ಮಾಡಿ ತೋರಿಸಿದ. ನಾಲ್ಕನೆಯದರಲ್ಲಿ, ಹಿತ್ತಾಳೆ ಕೊಡಗಳ ರಾಶಿಯಾಚೆ, ಎಡಗಡೆಯ ಅಂಚಿನಲ್ಲಿ ಅಮ್ಮ ನಿಂತಿದ್ದಳು. ಎರಡೂ ಕೈ ಅಗಲಕ್ಕೆ ಚಾಚಿ, ಎದೆಗೆ ಅಡ್ಡವಾಗಿ ಹಗ್ಗ ಎಳೆದು ಹಿಡಿದಿದ್ದಾಳೆ. ಬರಿ ಹಣೆ, ಬಿಗಿದ ತುಟಿ. ನನಗೀಗಿರುವ ವಯಸ್ಸಿನ ಅರ್ಧವೂ ಇಲ್ಲ ಅವಳಿಗೆ. ಸಿಕ್ಕಿದಳು ಎಂದು ಕೂಗಿಬಿಟ್ಟೆ, ಜೆರಾಕ್ಸಿಗೆ ಬಂದವರೆಲ್ಲ ತಿರುಗಿ ನೋಡಿದರು.

ಆಮೇಲೆ ಅವಳ ಮುಂದೆ ನಿಂತ ಹುಡುಗಿಯನ್ನು ನೋಡಿದೆ. ಎರಡು ಜಡೆ, ಹೊಸ ಲಂಗ, ಬೆನ್ನು ನಮ್ಮ ಕಡೆ. ಒಂದು ಕೈ ಎತ್ತಿ ಅಂಗಡಿಯ ಒಳಬಾಗಿಲನ್ನು ತೋರಿಸುತ್ತಿದ್ದಾಳೆ.

ಆ ಲಂಗ ನನ್ನದು. ಏನು ಹೇಳುತ್ತಿದ್ದೆ ಎಂಬುದೂ ನೆನಪಿದೆ. ಫೋಟೋದೋರು ಬಂದ್ರು, ಒಳಗೋಗಮ್ಮ. ಚಿಕ್ಕಪ್ಪ ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತ ಕೂತು ಪ್ರತಿ ವರ್ಷ ನನ್ನನ್ನೇ ಕಳಿಸುತ್ತಿದ್ದ, ನಾನು ಒಂದೇ ಉಸಿರಿಗೆ ಓಡುತ್ತಿದ್ದೆ. ಅಮ್ಮ ಎದ್ದರೆ ಫೋಟೋ, ಫೋಟೋದಲ್ಲಿ ನಾನು. ಮೇಷ್ಟ್ರ ಮನೆಯಲ್ಲಿ ಕಂಡ ಫೋಟೋದಲ್ಲಿ ಚಿಕ್ಕಪ್ಪನ ಮಗ್ಗುಲಿಗೆ ಹಲ್ಲು ಕಿರಿದು ನಿಂತ ಹುಡುಗಿಯೊಬ್ಬಳಿದ್ದಳು. ಅವಳು ನಾನು ಎಂದು ಇಲ್ಲಿಯತನಕ ಹೇಳಿಲ್ಲ, ಹೇಳುವ ಮನಸ್ಸಿರಲಿಲ್ಲ.

“ಈ ಮಗು ಅಡ್ಡ ಬಂದೈತೆ ಮೇಡಂ, ತೆಗ್ದಾಕ್ಲಾ?” ಎಂದು ಜೆರಾಕ್ಸಿನವನು ಕೇಳಿದ. “ಅಮ್ಮಾರೊಬ್ರೇ ದೊಡ್ಡದಾಗಿ ಬತ್ತಾರೆ.”

ಹೂಂ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ತಿಂಗಳಿಡೀ ಚಿಕ್ಕಪ್ಪನಿಗೂ ಅವನ ಮಗನಿಗೂ ಬಾಯಿಗೆ ಬಂದದ್ದು ಬೈದುಕೊಂಡು ತಿರುಗಿದ್ದೆ, ಈಗ ನನ್ನ ಸರದಿ ಬಂದಾಗ ಕತ್ತರಿ ಬೇಕಾಯಿತೇ? ನನ್ನ ಮೇಲೇ ನನಗೆ ಹೇಸಿಗೆಯಾಯಿತು. ಒಂದು ಕೂದಲೆಳೆಯೂ ಬಿಡದ ಹಾಗೆ ಇದ್ದದ್ದು ಇದ್ದಂತೆ ಪ್ರಿಂಟು ಹಾಕು ಅಂದೆ.

ಮನೆಗೆ ಬಂದು ಕಿಟಕಿಯ ಬೆಳಕಿನಲ್ಲಿ ಅಮ್ಮನ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದಳು. ಎಂಥ ಗಟ್ಟಿ ಹಗ್ಗ ಬರುತ್ತಿತ್ತು ಆಗ ಅಂದಳು. ನನಗೆ ತಡೆಯಲಾಗಲಿಲ್ಲ. ಆ ಹುಡುಗಿ ಯಾರು ಗೊತ್ತಾಯಿತೇನಮ್ಮ, ಪ್ರತಿ ವರ್ಷ ನಿನ್ನ ಎಬ್ಬಿಸಿದವಳು ನಾನೇ ಎಂದು ಹೇಳಿ ಅತ್ತುಬಿಟ್ಟೆ. ಅಮ್ಮ ಫೋಟೋದಿಂದ ಕಣ್ಣು ತೆಗೆಯಲಿಲ್ಲ.

“ನಿಮ್ಮ ಚಿಕ್ಕಪ್ಪ ಬಂದು ಹೇಳಿದ್ರೆ ನಾನು ಏಳ್ತಿದ್ನೇನೇ?” ಅಂದಳು. “ಅದು ಅವ್ನಿಗೂ ಗೊತ್ತಿತ್ತು ಕಣೇ. ಅದಕ್ಕೇ ನಿನ್ನ ಕಳಿಸ್ತಿದ್ದ.”

ಮರುದಿನ ಬೆಳಗ್ಗೆಯೇ ಅಜ್ಜಂಪುರದ ಬಸ್ಸು ಹತ್ತಿದೆ. ಮೇಷ್ಟ್ರು ಫೋಟೋ ನೋಡಿ, ಚಿಕ್ಕಪ್ಪನ ಫೋಟೋದ ಚೀಟಿ ಕಿತ್ತು, ನನ್ನ ಮುಂದೆ ಹೊಸದೊಂದನ್ನೂ ಪೆನ್ನನ್ನೂ ಇಟ್ಟರು. ಅಮ್ಮನ ಪೂರ್ತಿ ಹೆಸರು ಬರೆದು, ಹಗ್ಗದ ಅಂಗಡಿಯ ಮಾಲೀಕರು, ಹಗ್ಗ ಅಳೆಯುತ್ತಿದ್ದಾರೆ ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದು, ಫೋಟೋದವರು ಬಂದರು, ಒಳಗೆ ಹೋಗು ಎಂದು ತಾಯಿಗೆ ಹೇಳುತ್ತಿರುವ ಮಗಳು ಎಂದು ಸೇರಿಸಿದೆ. ಮೇಷ್ಟ್ರು ಎರಡನೆಯ ಸಾಲಿನ ಮೇಲೆ ಬೆರಳಿಟ್ಟು, ಇದು ಬೇಕೇನಮ್ಮ ಎಂದು ಕೇಳಿದರು.

ಬೇಕು ಅಂದೆ.